ಬೇಸಿಗೆಯ ಹೂ ಪಾನಕ: ಗುರುಪುರ ಸುತ್ತಲಿನ ತಂಬಾಕು ಬೆಳೆಗಾರರಿಗೆ ಎಷ್ಟು ಅವಕಾಶ?

ರಾಜ್ಯ ಸರ್ಕಾರವು 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿ ಮತ್ತು ಕಾಟನ್ ಕ್ಯಾಂಡಿಯಲ್ಲಿ, ಅದೇ ಜೂನ್‌ನಲ್ಲಿ ಕಬಾಬ್‌ಗಳಲ್ಲಿ ಕೃತಕ ಬಣ್ಣದ ಬಳಕೆಯನ್ನು ನಿಷೇಧಿಸಿತು. ಆ ಆದೇಶಗಳು ತಿನಿಸುಗಳಿಗೆ ಸಂಬಂಧಿಸಿದವು. ಆದರೂ ಗಾಢ ಬಣ್ಣದ ಶರಬತ್ತನ್ನು ಕಂಡಾಗ ಇದು ಎಲ್ಲಿಂದ ಬಂದ ಬಣ್ಣವೆಂದು ಗ್ರಾಹಕರು ಕೇಳುವುದು ಇನ್ನು ಸಹಜ. ಶಂಖಪುಷ್ಪ, ಪುಂಡಿ, ದಾಸವಾಳಗಳ ಬೆಲೆ ಇರುವುದು ಈ ಪ್ರಶ್ನೆಗೆ ಉತ್ತರವಾಗಿಯೇ.

ಗುರುಪುರದ ಟಿಬೆಟನ್ ನೆಲೆಗೆ ಬರುವ ಪ್ರವಾಸಿಗರು, ಮಡಿಕೇರಿ ಹೆದ್ದಾರಿಯ ಹೋಟೆಲುಗಳು, ನಾಗರಹೊಳೆ ಅಂಚಿನ ವಸತಿಗೃಹಗಳು ತಮ್ಮ ಹೊಲಕ್ಕೆ ಹತ್ತಿರದ ಮಾರುಕಟ್ಟೆಗಳು. ಹಾಗೆಂದು ಹುಣಸೂರು, ಪಿರಿಯಾಪಟ್ಟಣ ಸೀಮೆಯ ತಂಬಾಕನ್ನು ಹೂವಿನಿಂದ ಬದಲಿಸಬಹುದೆಂದು ಯಾರಾದರೂ ಹೇಳಿದರೆ ನಂಬದಿರಿ. ತಂಬಾಕಿಗೆ ಹರಾಜು ಕಟ್ಟೆಯಿದೆ, ತಿನ್ನುವ ಹೂವಿಗೆ ಇಲ್ಲ. ಖರೀದಿದಾರರನ್ನು ಮೊದಲು ಗೊತ್ತುಮಾಡಿಕೊಂಡು ಎರಡು ಗುಂಟೆಯಿಂದ ಆರಂಭಿಸುವುದು ಕ್ಷೇಮ.

ಪುಂಡಿಯನ್ನು ಜೂನ್ ಮಳೆಗೆ ಬಿತ್ತಿದರೆ ಹಗಲು ಕಿರಿದಾಗುವ ಅಕ್ಟೋಬರ್ ಹೊತ್ತಿಗೆ ಹೂ ಬಿಡುತ್ತದೆ. ಪಾನಕಕ್ಕೆ ಬೇಕಾದುದು ದಳವಲ್ಲ, ಕಾಯಿಯನ್ನು ಸುತ್ತಿರುವ ದಪ್ಪನೆಯ ಕೆಂಪು ಎಸಳು. ಅದನ್ನು ಒಣಗಿಸಿಟ್ಟರೆ ಬೇಸಿಗೆಗೆ ಒದಗುತ್ತದೆ. ಶಂಖಪುಷ್ಪ ಬೇಲಿಯ ಬಳ್ಳಿ. ಪುದೀನಕ್ಕೆ ಮಾತ್ರ ಏಪ್ರಿಲ್‌ನಲ್ಲಿಯೂ ನೀರಿರಬೇಕು.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆಯೊಂದಿದೆ. ಹಾರಕ್ಕೆಂದು ಬೆಳೆದು ಔಷಧ ಸಿಂಪಡಿಸಿದ ಗುಲಾಬಿ, ಸೇವಂತಿಗೆಗಳನ್ನು ಪಾನೀಯಕ್ಕೆ ಬಳಸಬಾರದು. ಕಣಗಿಲೆ, ದತ್ತೂರಿಗಳು ವಿಷ. ಅಲಂಕಾರಕ್ಕೂ ಲೋಟದ ಮೇಲೆ ಇಡಕೂಡದು. ತಂಬಾಕಿನ ಸಾಲಿಗೆ ತಾಗಿದಂತೆ ಹೂ ಬೆಳೆದರೆ ಸಿಂಪಡಣೆಯ ಹನಿ ಗಾಳಿಯಲ್ಲಿ ತೇಲಿಬಂದು ದಳದ ಮೇಲೆ ಕೂರುತ್ತದೆ. ಹೂವನ್ನು ತಂಬಾಕಿನ ಬ್ಯಾರನ್‌ನಲ್ಲಿ ಒಣಗಿಸುವ ಆಲೋಚನೆ ಹಲವರಿಗೆ ಬರಬಹುದು, ಬ್ಯಾರನ್ ಹೇಗೂ ವರ್ಷದ ಬಹುಭಾಗ ಖಾಲಿಯಿರುತ್ತದೆ. ದಯವಿಟ್ಟು ಬೇಡ. ಗೋಡೆ ಮತ್ತು ಗಳುಗಳಿಗೆ ಅಂಟಿದ ಎಲೆಪುಡಿಯಿಂದ ಹೂವಿಗೆ ನಿಕೋಟಿನ್ ಸೇರುವ ಸಾಧ್ಯತೆಯಿದೆ. ನೆರಳಿನಲ್ಲಿ, ಶುಭ್ರ ಬಟ್ಟೆಯ ಮೇಲೆ, ಗಾಳಿಯಾಡುವಂತೆ ಒಣಗಿಸಿರಿ.

ಒಂದು ಲೀಟರ್ ಪಾನಕಕ್ಕೆ ಹತ್ತು ಹನ್ನೆರಡು ಶಂಖಪುಷ್ಪಗಳ ತೊಟ್ಟು ತೆಗೆದು ತೊಳೆದು, ಒಂದು ಲೋಟ ಬಿಸಿನೀರಿನಲ್ಲಿ ಐದು ನಿಮಿಷ ನೆನೆಸಿ ಸೋಸಿರಿ. ಕಾಯಿಸಿ ಆರಿಸಿದ ನೀರು, ಸಕ್ಕರೆ, ಜಜ್ಜಿದ ಪುದೀನ, ನೆನೆದ ಒಂದು ಚಮಚ ಕಾಮಕಸ್ತೂರಿ ಬೀಜ ಸೇರಿಸಿರಿ. ನಿಂಬೆರಸವನ್ನು ಕೊನೆಗೆ, ಗ್ರಾಹಕರ ಎದುರಿನಲ್ಲಿ ಹಿಂಡಿರಿ. ಹುಳಿ ತಾಗಿದೊಡನೆ ನೀಲಿ ನೇರಳೆಯಾಗುವುದು ಸಹಜ ಬಣ್ಣದ ಲಕ್ಷಣ. ಬೆಲ್ಲ ಹಾಕಿದರೆ ರುಚಿ ಹೆಚ್ಚು, ಬಣ್ಣ ಮಾತ್ರ ಮಾಸುತ್ತದೆ. ತಯಾರಾದುದು ಅಂದಿಗೇ ಮುಗಿಯಬೇಕು. ಹೋಟೆಲಿನವರು ಇದನ್ನೇ ಮದ್ಯದೊಡನೆ ಬೆರೆಸಿ ಕಾಕ್‌ಟೇಲ್ ಮಾಡಿಯಾರು. ಅದಕ್ಕೆ ಅಬಕಾರಿ ಪರವಾನಗಿ ಬೇಕು, ತಮ್ಮ ವ್ಯವಹಾರ ಹೂವು ಮತ್ತು ಸೊಪ್ಪಿಗೆ ಸೀಮಿತವಾಗಿರಲಿ.

ರಫ್ತಿನ ಮಾತು ಕೇಳಿ ಹಿಗ್ಗುವ ಮುನ್ನ ಇದನ್ನು ಗಮನಿಸಿರಿ: ಅಮೆರಿಕವು 2021ರಲ್ಲಿ ಶಂಖಪುಷ್ಪದ ಸಾರವನ್ನು ಆಹಾರದ ಬಣ್ಣವಾಗಿ ಒಪ್ಪಿತು, ಐರೋಪ್ಯ ಒಕ್ಕೂಟದ ಆಹಾರ ಸುರಕ್ಷತಾ ಸಂಸ್ಥೆಯು ಅದರ ಒಣ ಹೂವಿಗೆ 2022ರಲ್ಲಿ ಆಕ್ಷೇಪ ಎತ್ತಿತು. ಸ್ಥಳೀಯ ಮಾರಾಟಕ್ಕೂ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಅಗತ್ಯ. ಒಣಗಿಸುವಿಕೆ, ಪ್ಯಾಕಿಂಗ್ ಬಗ್ಗೆ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ವಿಚಾರಿಸಬಹುದು. ಯಾವ ಸಾಲಿಗೆ ಯಾವ ದಿನ ಏನು ಸಿಂಪಡಿಸಿದಿರಿ, ಏನೂ ಸಿಂಪಡಿಸಲಿಲ್ಲ ಎಂಬುದನ್ನು ಬಿತ್ತನೆಯ ದಿನದಿಂದಲೇ ಪುಸ್ತಕದಲ್ಲಿ ಬರೆದಿಡಿರಿ. ಖರೀದಿದಾರರು ಮೊದಲು ಕೇಳಬೇಕಾದುದು ಅದನ್ನೇ.