ಹಿತ್ತಲ ಪಾಠ: ಮೊಲಕ್ಕೂ ಮನೆತನ ಕೇಳಬೇಕು



ಹೊಸೂರಿನ ಕಡೆಯ ಸೋದರಿಯೊಬ್ಬರು ಈ ಅಂಕಣಕ್ಕೆ ಪತ್ರ ಬರೆದಿದ್ದಾರೆ. ಅವರ ಮಗ ಒಂಬತ್ತನೆಯ ತರಗತಿಯ ವಿದ್ಯಾರ್ಥಿ. ಪಶುಮೇಳವೊಂದರಲ್ಲಿ ಬಿಳಿಯ ಮೊಲಗಳನ್ನು ಕಂಡು ಬಂದ ದಿನದಿಂದ, ತಾನೂ ಅಂತಹವನ್ನು ಸಾಕಿ ಪ್ರದರ್ಶನಕ್ಕೆ ಒಯ್ಯಬೇಕೆಂದು ಹಟ ಹಿಡಿದಿದ್ದಾನಂತೆ. ಸಂತೆಯಲ್ಲಿ ಒಂದು ಜೋಡಿ ಕೊಂಡುಕೊಟ್ಟರೆ ಸಾಕಲ್ಲವೇ ಎಂಬುದು ಆ ತಾಯಿಯ ಪ್ರಶ್ನೆ. ಸಾಲದು ಎಂಬುದೇ ನನ್ನ ಉತ್ತರ. ಏಕೆ ಸಾಲದೆಂಬುದನ್ನು ನಾನು ನಷ್ಟಪಟ್ಟು ಕಲಿತೆ. ಆ ನಷ್ಟದಲ್ಲಿ ಇನ್ನೊಬ್ಬರ ಪಾಲೂ ಸೇರಿತ್ತೆಂಬುದು ಇಂದಿಗೂ ನನ್ನನ್ನು ನೋಯಿಸುತ್ತದೆ.

ಮೊದಲಿಗೆ ಒಂದು ಮಾತನ್ನು ತಿಳಿದಿರಬೇಕು. ನಮ್ಮ ಹೊಲದ ಬದುವಿನಲ್ಲಿ ಚಂಗನೆ ನೆಗೆದು ಓಡುವ ಕಾಡುಮೊಲವೂ ಗೂಡಿನಲ್ಲಿ ಸಾಕುವ ಮೊಲವೂ ಒಂದೇ ಪ್ರಾಣಿಯಲ್ಲ. ಕಾಡುಮೊಲದ ಮರಿ ಮೈತುಂಬ ಕೂದಲಿನೊಡನೆ, ಕಣ್ಣು ತೆರೆದೇ ಹುಟ್ಟುತ್ತದೆ. ಯುರೋಪಿನ ಮೂಲದ ಸಾಕುಮೊಲದ ಮರಿ ಬೆತ್ತಲೆಯಾಗಿ, ಕಣ್ಣು ಮುಚ್ಚಿಕೊಂಡು ಹುಟ್ಟಿ, ಸುಮಾರು ಹತ್ತು ದಿನಗಳ ಬಳಿಕ ಕಣ್ಣು ಬಿಡುತ್ತದೆ. ಕಾಡುಮೊಲವನ್ನು ಹಿಡಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಮಕ್ಕಳಿಗೆ ಇದನ್ನು ಮೊದಲೇ ಹೇಳಿಡುವುದು ಒಳ್ಳೆಯದು.

ಮೊಲಗಳ ಪ್ರದರ್ಶನವೆಂಬುದು ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಬೆಳೆದುಬಂದ ಪದ್ಧತಿ. ಅಮೆರಿಕದಲ್ಲಿ 1910ರಷ್ಟು ಹಿಂದೆಯೇ ಮೊಲ ಸಾಕುವವರ ಸಂಘ ಸ್ಥಾಪನೆಯಾಯಿತು. ಅಲ್ಲಿ ತೀರ್ಪುಗಾರರು 'ಯಾವ ಮೊಲ ಮುದ್ದಾಗಿದೆ' ಎಂದು ನೋಡುವುದಿಲ್ಲ. ಪ್ರತಿಯೊಂದು ತಳಿಗೂ ಬರೆದಿಟ್ಟ ಲಕ್ಷಣಗಳುಂಟು. ಎದುರಿಗಿರುವ ಮೊಲವನ್ನು ಆ ಲಕ್ಷಣಗಳೊಡನೆ ಹೋಲಿಸುತ್ತಾರೆ. ಉದಾಹರಣೆಗೆ ನ್ಯೂಜಿಲೆಂಡ್ ವೈಟ್ ಎಂಬ ತಳಿ. ಹೆಸರು ನ್ಯೂಜಿಲೆಂಡಿನದಾದರೂ ಅದು ರೂಪುಗೊಂಡುದು ಅಮೆರಿಕದಲ್ಲಿ. ಬೆಳೆದ ಗಂಡು ಸುಮಾರು ನಾಲ್ಕೂವರೆ ಕಿಲೋ, ಹೆಣ್ಣು ಸುಮಾರು ಐದು ಕಿಲೋ ತೂಗಬೇಕು. ಮೈ ಅಚ್ಚ ಬಿಳುಪಾಗಿ, ಹಿಂಭಾಗ ದುಂಡಗೆ ತುಂಬಿರಬೇಕು. ಮೊಲದ ಎಡಗಿವಿಯೊಳಗೆ ಅಳಿಸಲಾಗದ ಹಚ್ಚೆಯ ಗುರುತಿರಬೇಕು. ಸಂಘದಲ್ಲಿ ನೋಂದಾಯಿಸಬೇಕಾದರೆ ಮೂರು ತಲೆಮಾರಿನ ವಂಶಾವಳಿಯನ್ನು ತೋರಿಸಬೇಕು. ಮನುಷ್ಯರಲ್ಲಿ ಕುಲ ಕೇಳಬಾರದೆಂದು ತರಗತಿಯಲ್ಲಿ ಕಲಿಸುವ ನಾನೇ, ಮೊಲ ಕೊಳ್ಳುವಾಗ ಮಾತ್ರ ಅಜ್ಜಿ, ಮುತ್ತಜ್ಜಿಯರವರೆಗೂ ಕೇಳಿರಿ ಎನ್ನುತ್ತೇನೆ.

ಇನ್ನು ನನ್ನ ಕಥೆ. ಕೆಲವು ವರ್ಷಗಳ ಹಿಂದೆ ಪೇಟೆಯ ಸಂತೆಯಲ್ಲಿ ಒಂದು ಜೋಡಿ ಬಿಳಿಯ ಮೊಲಗಳನ್ನು ಕೊಂಡೆ. ಕೆಂಪು ಕಣ್ಣು, ಹತ್ತಿಯಂತಹ ಮೈ. "ಫಾರಿನ್ ತಳಿ ಸಾಮಿ, ಒಂದೇ ಸೂಲಿನವು" ಎಂದು ಮಾರುವವನು ಹೊಗಳಿದ. ಒಂದೇ ಸೂಲಿನವೆಂದರೆ ಅಣ್ಣತಂಗಿಯರು ಎಂಬುದು ನನಗೆ ಹೊಳೆಯಲಿಲ್ಲ. ತಂದೆತಾಯಿಗಳನ್ನು ತೋರಿಸೆಂದು ಕೇಳಲಿಲ್ಲ, ಬಾಯಿ ತೆರೆದು ನೋಡಲಿಲ್ಲ. ನಮ್ಮ ತಾಳವಾಡಿಯ ತಂಪು ಅವಕ್ಕೆ ಒಗ್ಗಿತು. ಮೊದಲ ಸೂಲಿನಲ್ಲಿ ಆರು ಮರಿಗಳಾದವು. ಅವುಗಳಲ್ಲಿ ಒಂದು ಜೋಡಿಯನ್ನು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೊಂಡ. ಅದಕ್ಕಾಗಿ ಅವನ ತಾಯಿ ಮನೆಯಲ್ಲಿದ್ದ ಒಂದು ಮೇಕೆಯನ್ನು ಮಾರಿದ್ದಳು.

ಅನಂತರದ ಸೂಲಿನಲ್ಲಿ ನನ್ನ ಗೂಡಿನ ಒಂದು ಮರಿಯ ಹಲ್ಲುಗಳು ಓರೆಯಾಗಿ ಬೆಳೆದುದನ್ನು ಕಂಡೆ. ಪಂಜರದ ತಂತಿಯನ್ನು ಕಡಿದು ಹಾಗಾಗಿರಬೇಕೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಯಾರಿಗೂ ತಿಳಿಸಲಿಲ್ಲ, ಆ ಹುಡುಗನಿಗೂ ತಿಳಿಸಲಿಲ್ಲ.

ಏಳೆಂಟು ತಿಂಗಳು ಕಳೆದ ಮೇಲೆ ಅವನು ಹೆಗಲ ಮೇಲಿನ ಟವಲಿನಲ್ಲಿ ಒಂದು ಮರಿಯನ್ನು ಸುತ್ತಿಕೊಂಡು ಬಂದ. ಮರಿಯ ಬೆನ್ನೆಲುಬು ಕೈಗೆ ಸಿಗುತ್ತಿತ್ತು. "ಮೇಷ್ಟ್ರೇ, ಇದ್ಕೆ ಹಸಿವದೆ, ಸೊಪ್ಪಿಗೆ ಬಾಯಿ ಹಾಕ್ತದೆ, ಕಚ್ಚಕಾಯ್ತಿಲ್ಲ. ಇನ್ನೆರಡು ಇಂಗೇ ಸತ್ತೋದೊ. ನಾನೇನಾದ್ರೂ ತಪ್ಪು ಮೇವು ಹಾಕ್ದ್ನ?" ಎಂದು ಕೇಳಿದ. ಅವನ ದನಿಯಲ್ಲಿ ದೂರಿರಲಿಲ್ಲ. ಪರೀಕ್ಷೆಯಲ್ಲಿ ತಪ್ಪು ಬರೆದ ವಿದ್ಯಾರ್ಥಿಯ ಅಂಜಿಕೆಯಿತ್ತು. ತಂತಿಯ ಕಾರಣ ಹೇಳಿ ಅವನನ್ನು ಕಳುಹಿಸಿಬಿಡಬಹುದಾಗಿತ್ತು. ಒಂದು ಕ್ಷಣ ಆ ಮಾತು ನಾಲಗೆಯ ತುದಿಗೂ ಬಂದಿತು. ಕೊನೆಗೆ, "ತಪ್ಪು ನಿನ್ನದಲ್ಲಪ್ಪ, ನನ್ನದು" ಎಂದೆ. ಅವನ ಹಣವನ್ನು ಮರುದಿನವೇ ಹಿಂದಿರುಗಿಸಿದೆ. ಆದರೆ ಮಾರಿಹೋದ ಮೇಕೆಯನ್ನು ಹಿಂದಕ್ಕೆ ತರಲು ನನ್ನಿಂದ ಆಗಲಿಲ್ಲ.

ಮೊಲದ ಬಾಚಿಹಲ್ಲುಗಳು ಜೀವಮಾನವೆಲ್ಲ ಬೆಳೆಯುತ್ತಲೇ ಇರುತ್ತವೆ. ಮೇಲಿನ ಹಲ್ಲು ಕೆಳಗಿನದರ ಮುಂದೆ ಸರಿಯಾಗಿ ಕೂತರೆ ಒಂದನ್ನೊಂದು ಸವೆಸುತ್ತವೆ. ಕೂರದಿದ್ದರೆ ಕೋರೆಯಂತೆ ಬೆಳೆದು ಬಾಯಿಯನ್ನೇ ಕಟ್ಟಿಬಿಡುತ್ತವೆ. ಪೆಟ್ಟಿನಿಂದಲೂ ಹೀಗಾಗುವುದುಂಟು. ಆದರೆ ಎಳೆಯ ಮರಿಗಳಲ್ಲಿ, ಒಂದೇ ಮನೆತನದಲ್ಲಿ ಮತ್ತೆ ಮತ್ತೆ ಕಂಡರೆ ಅದು ವಂಶದ ದೋಷವೆಂದೇ ತಿಳಿಯಬೇಕು. ಈ ದೋಷ ಅಡಗಿ ಕುಳಿತಿರಬಲ್ಲುದು. ತಂದೆಯ ಹಲ್ಲು ನೆಟ್ಟಗಿರಬಹುದು, ತಾಯಿಯದೂ ನೆಟ್ಟಗಿರಬಹುದು. ಇಬ್ಬರಲ್ಲೂ ದೋಷದ ಅಂಶ ಅಡಗಿದ್ದರೆ ಸರಾಸರಿ ನಾಲ್ಕು ಮರಿಗಳಿಗೆ ಒಂದರಲ್ಲಿ ಅದು ಹೊರಬೀಳುತ್ತದೆ. ಬಟಾಣಿ ಗಿಡಗಳಲ್ಲಿ ಮೆಂಡೆಲ್ ಕಂಡ ಲೆಕ್ಕವೇ ಇದು. ಅಣ್ಣತಂಗಿಯರನ್ನು ಕೂಡಿಸಿದಾಗ ಇಬ್ಬರಲ್ಲೂ ಒಂದೇ ದೋಷ ಅಡಗಿರುವ ಸಂಭವ ಬಹಳ ಹೆಚ್ಚು. ಇದನ್ನು ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆದು ಕಲಿಸಿದವನು ನಾನು. ಸಂತೆಯಲ್ಲಿ ಮಾತ್ರ ಮರೆತೆ.

ಆ ಸಂತತಿಯನ್ನು ನಾನು ಅಲ್ಲಿಗೇ ನಿಲ್ಲಿಸಿದೆ. ಅರೆವಾರ್ಷಿಕ ರಜೆಯಲ್ಲಿ ದಿಂಬಂ ಘಟ್ಟದ 27 ತಿರುವುಗಳನ್ನಿಳಿದು, ಪಳನಿಯ ಮೇಲೆ ಹಾದು, ಕೊಡೈಕನಾಲಿನಾಚೆಯ ಮನ್ನವನೂರಿಗೆ ಹೋದೆ. ರಾಜಸ್ಥಾನದ ಅವಿಕಾನಗರದಲ್ಲಿರುವ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯ ದಕ್ಷಿಣ ಭಾರತದ ಕೇಂದ್ರ ಅಲ್ಲಿದೆ. ಬೂದುಬಣ್ಣದ ಸೋವಿಯತ್ ಚಿಂಚಿಲಾ, ಬಿಳಿಯ ವೈಟ್ ಜೈಂಟ್ ಮುಂತಾದ ತಳಿಗಳನ್ನು ಅಲ್ಲಿ ದಾಖಲೆಯಿಟ್ಟು ಬೆಳೆಸುತ್ತಾರೆ. ಗಮನಿಸಿರಿ: ವೈಟ್ ಜೈಂಟ್ ಮತ್ತು ನ್ಯೂಜಿಲೆಂಡ್ ವೈಟ್ ಎರಡೂ ಬಿಳಿಯವೇ, ಎರಡರ ಕಣ್ಣೂ ಕೆಂಪೇ. ಬರಿಯ ಕಣ್ಣಳತೆಯಿಂದ ತಳಿಯ ಹೆಸರು ಹೇಳುವವನನ್ನು ನಂಬಬಾರದು, ಬರವಣಿಗೆಯನ್ನು ಕೇಳಬೇಕು.

ಒಳ್ಳೆಯ ಮೊಲವನ್ನು ಆರಿಸುವ ಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಮರಿಗಿಂತ ಮೊದಲು ಅದರ ತಂದೆ, ತಾಯಿ ಮತ್ತು ಒಡಹುಟ್ಟಿದವುಗಳನ್ನು ನೋಡಿರಿ. 'ತಾಯಿಯಂತೆ ಮಗಳು, ನೂಲಿನಂತೆ ಸೀರೆ' ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ತಾಯಿ ಎಷ್ಟು ಮರಿ ಹಾಕಿತು, ಎಷ್ಟನ್ನು ಉಳಿಸಿತು ಎಂಬುದನ್ನು ಕೇಳಿರಿ. ಮೊಲವನ್ನು ಕಿವಿ ಹಿಡಿದು ಎಂದೂ ಎತ್ತಬೇಡಿರಿ. ಹೆಗಲ ಮೇಲಿನ ಸಡಿಲ ಚರ್ಮವನ್ನು ಹಿಡಿದು, ಇನ್ನೊಂದು ಕೈಯಿಂದ ಹಿಂಭಾಗಕ್ಕೆ ಆಸರೆ ಕೊಡಿರಿ. ತುಟಿ ಬಿಡಿಸಿ ಹಲ್ಲು ನೋಡಿರಿ. ಮೂಗು ಒಣಗಿರಬೇಕು, ಮುಂಗಾಲಿನ ಒಳಬದಿಯ ಕೂದಲು ಅಂಟಿಕೊಂಡಿದ್ದರೆ ಅದು ನೆಗಡಿಯ ಮೂಗನ್ನು ಒರೆಸಿಕೊಂಡ ಗುರುತು, ಅಂತಹುದು ಬೇಡ. ಕಿವಿಯೊಳಗೆ ಕಂದು ಹಕ್ಕಳೆಯಿದ್ದರೆ ನುಸಿ ಹತ್ತಿದೆಯೆಂದು ತಿಳಿಯಿರಿ. ಹಿಂಗಾಲಿನ ಅಡಿ ಕೂದಲುದುರಿ ಹುಣ್ಣಾಗಿರಬಾರದು. ಎರಡು ತಿಂಗಳೊಳಗಿನ ಮರಿಗಳಲ್ಲಿ ಗಂಡುಹೆಣ್ಣಿನ ಗುರುತು ಸುಲಭವಾಗಿ ತಪ್ಪುತ್ತದೆ. ಮೂರು ನಾಲ್ಕು ತಿಂಗಳದ್ದನ್ನು ಆರಿಸುವುದು ಮೇಲು. ಹೊಸಬರು ಒಂದು ಗಂಡು, ಎರಡು ಹೆಣ್ಣು ತರಲಿ. ಗಂಡು ಬೇರೆ ಸಂತತಿಯದಾಗಿರಲಿ.

ಕೊಂಡು ತಂದವನ್ನು ಮನೆಯ ಹಳೆಯ ಮೊಲಗಳೊಡನೆ ಕೂಡಲೇ ಬಿಡಬಾರದು. ಒಂದು ತಿಂಗಳು ದೂರವಿಟ್ಟು ಕಾಯಬೇಕು. ಮೊದಲು ತಿನ್ನುತ್ತಿದ್ದ ಮೇವನ್ನೇ ಒಂದಿಷ್ಟು ಜೊತೆಗೆ ತಂದು, ವಾರದಲ್ಲಿ ಮೆಲ್ಲಗೆ ಬದಲಾಯಿಸಬೇಕು. ಬಿಸಿಲು ಮೊಲಕ್ಕೆ ಶತ್ರು. ಕಡು ಬೇಸಿಗೆಯಲ್ಲಿ ಗಂಡು ಕೆಲಕಾಲ ಬರಡಾಗುವುದೂ ಉಂಟು. ಆದುದರಿಂದ ಪ್ರಯಾಣವನ್ನು ಚಳಿಗಾಲದಲ್ಲಿ, ಮುಂಜಾನೆಯ ತಂಪಿನಲ್ಲಿ ಇಟ್ಟುಕೊಳ್ಳಿರಿ. ಕೂಡಿಸುವಾಗ ಹೆಣ್ಣನ್ನು ಗಂಡಿನ ಗೂಡಿಗೆ ಒಯ್ಯಬೇಕೇ ಹೊರತು ಗಂಡನ್ನು ಹೆಣ್ಣಿನ ಗೂಡಿಗಲ್ಲ. ತನ್ನ ಗೂಡಿಗೆ ಬಂದವನನ್ನು ಹೆಣ್ಣು ಕಚ್ಚಿ ಓಡಿಸುತ್ತದೆ. ಕೂಡಿದ ಸುಮಾರು 31 ದಿನಗಳಿಗೆ ಮರಿಗಳಾಗುತ್ತವೆ.

ಮನ್ನವನೂರಿನಿಂದ ತಂದವುಗಳ ಮೊದಲ ಮರಿಗಳಲ್ಲಿ ಮೂರನ್ನು ಆ ಹುಡುಗನಿಗೆ ಕೊಟ್ಟೆ, ಹಣ ಪಡೆಯಲಿಲ್ಲ. ಗಂಡನ್ನು ಮಾತ್ರ ಅವನು ಬೇರೆ ಸಂತತಿಯದನ್ನು ತರಿಸಿಕೊಂಡ. ಜೊತೆಗೆ ಶಾಲೆಯ ಹಾಜರಿ ಪುಸ್ತಕದಂತೆ ಗೆರೆ ಎಳೆದ ಒಂದು ದಾಖಲೆ ಪುಸ್ತಕವನ್ನೂ ಅವನಿಗೆ ಕೊಟ್ಟಿದ್ದೆ. ಮೊಲದ ಸಂಖ್ಯೆ, ತಂದೆ, ತಾಯಿ, ಹುಟ್ಟಿದ ದಿನ, ಹುಟ್ಟಿದ ಮರಿಗಳು, ಉಳಿದ ಮರಿಗಳು, ಹಾಲು ಬಿಡಿಸಿದಾಗಿನ ತೂಕ ಎಂಬ ಕಲಮುಗಳ ಕೊನೆಯಲ್ಲಿ 'ದೋಷ' ಎಂಬ ಕಲಮೂ ಇದೆ. ಈಗ ಅವನಲ್ಲಿಗೆ ಯಾರಾದರೂ ಮರಿ ಕೊಳ್ಳಲು ಬಂದರೆ, ಅವರು ಕೇಳುವ ಮೊದಲೇ ಮರಿಯ ತುಟಿ ಬಿಡಿಸಿ ಹಲ್ಲು ತೋರಿಸುತ್ತಾನೆ. ಆಮೇಲೆ ಆ ಪುಸ್ತಕವನ್ನು ಮುಂದಿಡುತ್ತಾನೆ. ಕೊನೆಯ ಕಲಮನ್ನು ಅವನು ಒಮ್ಮೆಯೂ ಮುಚ್ಚಿಟ್ಟಿಲ್ಲ.

ಹೊಸೂರಿನ ಸೋದರಿಯೇ, ನಿಮ್ಮ ಮಗನಿಗೆ ಈ ವಾರ ಒಂದು ನೋಟುಪುಸ್ತಕವನ್ನು ಕೊಡಿಸಿರಿ. ಅದರಲ್ಲಿ ಗೆರೆಗಳನ್ನು ಅವನೇ ಎಳೆಯಲಿ. ಮೊಲವನ್ನು ಆಮೇಲೆ ತರಬಹುದು.