ಗಣಕಯಂತ್ರದ ಕಾವಲಿಗೆ ಹಣ ತೆರಬೇಕೇ?

ಮನೆಯ ಗಣಕಯಂತ್ರಕ್ಕೆ ಹಣ ತೆತ್ತು ಆಂಟಿವೈರಸ್ ತಂತ್ರಾಂಶ ಕೊಳ್ಳುವುದು ಅಗತ್ಯವೇ? ವರ್ಷಕ್ಕೊಮ್ಮೆ ನವೀಕರಣದ ಸೂಚನೆ ಪರದೆಯ ಮೇಲೆ ಮೂಡಿದಾಗಲೆಲ್ಲ ಅನೇಕ ಮನೆಗಳಲ್ಲಿ ಈ ಪ್ರಶ್ನೆ ಏಳುತ್ತದೆ. ಮಹಾನಗರಗಳಲ್ಲಿ ನೆಲೆಸಿರುವ ನಮ್ಮವರಲ್ಲಿ ಮಕ್ಕಳು ದೂರದೂರುಗಳಲ್ಲಿದ್ದು, ಹಿರಿಯರೇ ಬ್ಯಾಂಕಿನ ವ್ಯವಹಾರವನ್ನು ಅಂತರ್ಜಾಲದಲ್ಲಿ ನಡೆಸುವ ಕುಟುಂಬಗಳು ಕಡಿಮೆಯೇನಿಲ್ಲ. ಅಂಥವರಿಗೆ ಇದು ಜೀವಮಾನದ ಉಳಿತಾಯದ ರಕ್ಷಣೆಯ ಪ್ರಶ್ನೆ. ಆದ್ದರಿಂದ ಇದನ್ನು ತುಸು ವಿವರವಾಗಿ ಪರಿಶೀಲಿಸುವುದು ಉಚಿತವೆಂದು ಭಾವಿಸುತ್ತೇವೆ.

ಒಂದು ಕಾಲಕ್ಕೆ ಉತ್ತರ ಸುಲಭವಾಗಿತ್ತು. 2000ದ ಮೇ ತಿಂಗಳಲ್ಲಿ ‘ಐ ಲವ್ ಯೂ’ ಎಂಬ ಮಿಂಚಂಚೆಯ ರೂಪದಲ್ಲಿ ಬಂದ ವೈರಸ್ ಜಗತ್ತಿನಾದ್ಯಂತ ಹಾವಳಿ ಎಬ್ಬಿಸಿದಾಗ ವಿಂಡೋಸ್‌ನಲ್ಲಿ ಅದರದೇ ಆದ ಆಂಟಿವೈರಸ್ ಇರಲಿಲ್ಲ. ಕಾವಲುಗಾರನನ್ನು ಹೊರಗಿನಿಂದಲೇ ತರಬೇಕಿತ್ತು. ಪುಣೆಯಲ್ಲಿ ಯಂತ್ರಗಳ ದುರಸ್ತಿಯಿಂದ ಆರಂಭವಾದ ಉದ್ಯಮವೊಂದು ‘ಕ್ವಿಕ್ ಹೀಲ್’ ಎಂಬ ಹೆಸರಿನಲ್ಲಿ ದೇಶದ ಮನೆಮನೆಗೆ ತಲುಪಿದ್ದು ಈ ಅಗತ್ಯದಿಂದಲೇ.

ಪರಿಸ್ಥಿತಿ ಅನಂತರ ಬದಲಾಯಿತು. ಮೈಕ್ರೋಸಾಫ್ಟ್ 2009ರಲ್ಲಿ ಉಚಿತ ಆಂಟಿವೈರಸ್ ಒಂದನ್ನು ಬಿಡುಗಡೆ ಮಾಡಿತು. 2012ರ ವಿಂಡೋಸ್ 8ರಿಂದ ಅಂಥ ರಕ್ಷಣೆ ವಿಂಡೋಸ್‌ನೊಳಗೇ ಸೇರಿಕೊಂಡಿತು. ಇಂದು ‘ಡಿಫೆಂಡರ್’ ಎನಿಸಿಕೊಂಡಿರುವ ಅದು ಜರ್ಮನಿಯ ಎವಿ-ಟೆಸ್ಟ್ ಸಂಸ್ಥೆಯ ಪರೀಕ್ಷೆಗಳಲ್ಲಿ ಹಣ ತೆತ್ತು ಕೊಳ್ಳುವ ತಂತ್ರಾಂಶಗಳಿಗೆ ಸರಿಸಮನಾಗಿ ಹಲವು ಬಾರಿ ಪೂರ್ಣಾಂಕ ಗಳಿಸಿದೆ.

ಹಾಗಾದರೆ ಅಪಾಯ ಬರುವುದು ಎಲ್ಲಿಂದ? ಕಡತಗಳಿಗೆ ಬೀಗ ಜಡಿದು ಹಣ ಕೇಳುವ ‘ವಾನಾಕ್ರೈ’ ದಾಳಿ ನಡೆದದ್ದು 2017ರ ಮೇ 12ರಂದು. ಅದನ್ನು ತಡೆಯಬಲ್ಲ ಭದ್ರತಾ ಪರಿಷ್ಕರಣೆಯನ್ನು ಮೈಕ್ರೋಸಾಫ್ಟ್ ಮಾರ್ಚ್ ತಿಂಗಳಲ್ಲೇ ಒದಗಿಸಿತ್ತು. ದಾಳಿ ಹಬ್ಬಿದ್ದು ಅದನ್ನು ಅಳವಡಿಸಿಕೊಳ್ಳದೆ ಉಳಿದ ಯಂತ್ರಗಳ ಮೂಲಕ. ಈ ಪಾಠ ಈಗ ಮತ್ತೆ ಪ್ರಸ್ತುತವಾಗಿದೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ನಿಂತುಹೋಯಿತು. ಪ್ರತ್ಯೇಕವಾಗಿ ನೋಂದಾಯಿಸಿಕೊಂಡ ಮನೆ ಬಳಕೆದಾರರಿಗೆ ಮಾತ್ರ ಇನ್ನೊಂದು ವರ್ಷ ಭದ್ರತಾ ಪರಿಷ್ಕರಣೆ ನೀಡುವುದಾಗಿ ಮೈಕ್ರೋಸಾಫ್ಟ್ ಪ್ರಕಟಿಸಿತ್ತು. ಬೆಂಬಲವಿಲ್ಲದ ಯಂತ್ರಕ್ಕೆ ದುಬಾರಿ ಆಂಟಿವೈರಸ್ ಹಾಕುವುದೆಂದರೆ ಗೋಡೆ ಬಿರುಕುಬಿಟ್ಟ ಮನೆಯ ಬಾಗಿಲಿಗೆ ಎರಡು ಬೀಗ ಹಾಕಿದಂತೆ. ಕದ್ದ ವಿಂಡೋಸ್ ಪ್ರತಿ ಮತ್ತು ‘ಕ್ರ್ಯಾಕ್’ ಮಾಡಿದ ತಂತ್ರಾಂಶಗಳೂ ಇಂಥದೇ ಅಪಾಯವನ್ನು ಮನೆಯೊಳಗೆ ಕರೆತರುತ್ತವೆ.

ಹೊರಗಿನ ‘ಉಚಿತ’ ಆಂಟಿವೈರಸ್‌ಗಳ ವಿಷಯದಲ್ಲೂ ಎಚ್ಚರ ಬೇಕು. ಬಳಕೆದಾರರ ಅಂತರ್ಜಾಲ ಸಂಚಾರದ ವಿವರಗಳನ್ನು ಮಾರಾಟ ಮಾಡಿದ ಆರೋಪದ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ಅವಾಸ್ಟ್ ಕಂಪೆನಿಯಿಂದ 1.65 ಕೋಟಿ ಡಾಲರ್ ಪಾವತಿ ಮಾಡಿಸಿತು. ಕಾಯುವವನೇ ಕದ್ದುನೋಡುತ್ತಿದ್ದಾನೆಂಬ ಆರೋಪ ಬಂದರೆ ನಂಬುವುದು ಯಾರನ್ನು?

ಹಣ ತೆರುವುದು ವ್ಯರ್ಥವೆಂದು ನಾವು ಹೇಳುತ್ತಿಲ್ಲ. ಮನೆಯಲ್ಲೇ ಕಚೇರಿ ನಡೆಸುತ್ತ ಗಿರಾಕಿಗಳ ಲೆಕ್ಕಪತ್ರ ಇಟ್ಟುಕೊಂಡಿರುವವರು, ಹತ್ತಾರು ಜನರ ಪೆನ್ ಡ್ರೈವ್‌ಗಳನ್ನು ಬಳಸಬೇಕಾದವರು, ತೊಂದರೆಯಾದಾಗ ದೂರವಾಣಿಯಲ್ಲಿ ನೆರವು ಬಯಸುವವರು ಅದನ್ನು ಕೊಂಡರೆ ತಪ್ಪಿಲ್ಲ. ಮಕ್ಕಳ ಬಳಕೆಯ ಮೇಲೆ ನಿಗಾ ಇಡುವ ಸೌಲಭ್ಯವೂ ಕೆಲವದರಲ್ಲಿರುತ್ತದೆ.

ಆದರೆ ನಮ್ಮ ಹಿರಿಯರ ಹಣವನ್ನು ಇಂದು ದೋಚುತ್ತಿರುವುದು ಹೆಚ್ಚಾಗಿ ವೈರಸ್ ಅಲ್ಲ, ವಂಚಕನ ಮಾತು. ‘ಡಿಜಿಟಲ್ ಅರೆಸ್ಟ್’ ಎಂಬ ಬೆದರಿಕೆ ಇದಕ್ಕೆ ನಿದರ್ಶನ. ಕಾನೂನಿನಲ್ಲಿ ಅಂಥ ವ್ಯವಸ್ಥೆಯೇ ಇಲ್ಲವೆಂದು ಪ್ರಧಾನಿಯವರು 2024ರ ಅಕ್ಟೋಬರ್ 27ರ ‘ಮನ್ ಕೀ ಬಾತ್’ನಲ್ಲಿ ಎಚ್ಚರಿಸಬೇಕಾಯಿತು. ‘ನಿಮ್ಮ ಆಂಟಿವೈರಸ್ ನವೀಕರಣಕ್ಕೆ ಹಣ ಕಡಿತವಾಗಿದೆ, ರದ್ದು ಮಾಡಲು ಈ ಸಂಖ್ಯೆಗೆ ಕರೆ ಮಾಡಿ’ ಎಂಬ ಸುಳ್ಳು ಮಿಂಚಂಚೆಯೂ ಇದೇ ಜಾತಿಯದು. ಕರೆ ಮಾಡಿದವನ ಮಾತು ನಂಬಿ ನಾವೇ ಯಂತ್ರದ ನಿಯಂತ್ರಣವನ್ನು ಒಪ್ಪಿಸಿದರೆ, ಒಟಿಪಿ ತಿಳಿಸಿದರೆ, ಎಷ್ಟೇ ಬೆಲೆಯ ತಂತ್ರಾಂಶವೂ ಅಸಹಾಯಕ.

ಆದುದರಿಂದ ನಮ್ಮ ಅಭಿಪ್ರಾಯ ಇಷ್ಟು: ಕಾಲಕಾಲಕ್ಕೆ ಪರಿಷ್ಕರಣೆಗೊಳ್ಳುವ ವಿಂಡೋಸ್ 11 ಇರುವ ಸಾಮಾನ್ಯ ಮನೆಗೆ ಡಿಫೆಂಡರ್ ಸಾಕು. ಉಳಿದ ಹಣದಲ್ಲಿ ಒಂದು ಹೊರ ಹಾರ್ಡ್ ಡಿಸ್ಕ್ ಕೊಂಡು, ಭಾವಚಿತ್ರ ಹಾಗೂ ಮುಖ್ಯ ದಾಖಲೆಗಳನ್ನು ತಿಂಗಳಿಗೊಮ್ಮೆ ನಕಲಿಸಿ, ಕೆಲಸ ಮುಗಿದೊಡನೆ ಅದನ್ನು ಯಂತ್ರದಿಂದ ಬೇರ್ಪಡಿಸಿಡುವುದು ಒಳಿತು. ವೈರಸ್ ಹೊಕ್ಕ ಸಂಶಯವಿದ್ದರೆ, ಕೇಂದ್ರ ಸರಕಾರ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ಉಚಿತ ಸಾಧನಗಳಿವೆ. ಹಣ ಹೋದದ್ದು ತಿಳಿದ ಕ್ಷಣವೇ 1930ಕ್ಕೆ ಕರೆ ಮಾಡಬೇಕು. ತಡವಾದಷ್ಟೂ ಹಣವನ್ನು ತಡೆಹಿಡಿಯುವುದು ಕಷ್ಟ.

ನಮ್ಮ ಸಂಘಸಂಸ್ಥೆಗಳು ರವಿವಾರದ ಕಾರ್ಯಕ್ರಮಗಳಲ್ಲಿ ಅರ್ಧ ಗಂಟೆಯನ್ನು ಈ ವಿಷಯಕ್ಕೆ ಮೀಸಲಿಟ್ಟು, ಹಿರಿಯರಿಗೆ ಕನ್ನಡದಲ್ಲೇ ತಿಳಿಹೇಳುವಂತಾಗಲಿ ಎಂಬುದು ನಮ್ಮ ವಿನಂತಿ.