ಸ್ಕಾಲರ್‌ಷಿಪ್‌ನೋರು ಎದ್ದು ನಿಂತ್ಕೊಳ್ಳಿ

ಬೆಳಿಗ್ಗೆ ಒಂಬತ್ತೂವರೆಗೆ ಪ್ರಾರ್ಥನೆ. ಅದರ ಬೆನ್ನಿಗೇ ಸಂವಿಧಾನದ ಪೀಠಿಕೆ. ಶಾಲೆ ಕಾಲೇಜುಗಳಲ್ಲಿ ಇದನ್ನು ಓದಿಸಲೇಬೇಕೆಂದು 2023ರಲ್ಲಿ ಸರ್ಕಾರ ತೀರ್ಮಾನ ಮಾಡಿತು. ಅಲ್ಲಿಂದೀಚೆಗೆ ನಮ್ಮ ತಾಲ್ಲೂಕಿನ ಪಿಯು ಕಾಲೇಜಿನ ಅಂಗಳದಲ್ಲೂ ಹದಿನಾರು ಹದಿನೇಳರ ಮಕ್ಕಳು ಬಲಗೈ ಮುಂದೆ ಚಾಚಿ ಸಮಾನತೆ, ಭ್ರಾತೃತ್ವ ಅಂತ ಒಂದೇ ದನಿಯಲ್ಲಿ ಹೇಳುತ್ತಾರೆ. ಬೇಡ ಅನ್ನುವವರು ನಾವಲ್ಲ. ಬಾಬಾಸಾಹೇಬರು ಅಧ್ಯಕ್ಷರಾಗಿದ್ದ ಸಮಿತಿ ತಿದ್ದಿ ತೀಡಿದ ಮಾತು ಕೂಲಿಯವರ ಮಕ್ಕಳ ಬಾಯಲ್ಲಿ ಬಂದರೆ ಯಾರಿಗೆ ಸಂತೋಷ ಆಗೋದಿಲ್ಲ?

ಸರಿ, ಪೀಠಿಕೆ ಮುಗೀತು. ಮಕ್ಕಳು ಕ್ಲಾಸಿಗೆ ಹೋದರು. ಮೊದಲನೇ ಪೀರಿಯಡ್ಡು ಅರ್ಧ ಆಗಿರುವಾಗ ಆಫೀಸಿನವರೊಬ್ಬರು ಹಾಳೆ ಹಿಡಿದು ಬಾಗಿಲಲ್ಲಿ ನಿಂತರು. ಪಾಠ ನಿಂತಿತು.

"ಎಸ್ಸಿ ಎಸ್ಟಿ ಸ್ಕಾಲರ್‌ಷಿಪ್‌ನೋರು ಎದ್ದು ನಿಂತ್ಕೊಳ್ಳಿ. ಜಾತಿ ಸರ್ಟಿಫಿಕೇಟು ಇನ್ನೂ ಯಾರ್ದು ಬಂದಿಲ್ಲ, ಕೈ ಎತ್ತಿ."

ಎಂಬತ್ತು ಮಕ್ಕಳಿರುವ ಕೋಣೆಯಲ್ಲಿ ಹದಿನೈದಿಪ್ಪತ್ತು ಮಕ್ಕಳು ಏಳುತ್ತಾರೆ. ಉಳಿದವರು ತಿರುಗಿ ನೋಡುತ್ತಾರೆ. ಕಾಲೇಜು ಶುರುವಾಗಿ ಹದಿನೈದು ದಿನ ಆಗಿರುತ್ತದೆ. ಬೇರೆ ಬೇರೆ ಊರಿಂದ ಬಂದ ಹುಡುಗರು ಆಗತಾನೆ ಒಂದು ಬೆಂಚಿನಲ್ಲಿ ಕೂತು, ಒಂದು ಪೆನ್ನು ಇಬ್ಬರು ಹಂಚಿಕೊಂಡು, ಒಬ್ಬರ ಡಬ್ಬಿಗೆ ಇನ್ನೊಬ್ಬರು ಕೈ ಹಾಕಿ ಗೆಳೆಯರಾಗುತ್ತಿರುತ್ತಾರೆ. ಆ ಹಾಳೆ ಓದಿ ಮುಗಿಯುವ ಹೊತ್ತಿಗೆ ಬೆಂಚಿನ ಮೇಲಿನ ಬ್ಯಾಗು ಒಂದು ಗೇಣು ಆಚೆಗೆ ಸರಿದಿರುತ್ತದೆ. ಯಾರೂ ಬೈದಿಲ್ಲ, ಯಾರೂ ಹೊಡೆದಿಲ್ಲ. ಮಧ್ಯಾಹ್ನ ಡಬ್ಬಿಗೆ ಬರುತ್ತಿದ್ದ ಕೈ ಮಾತ್ರ ಬರೋದಿಲ್ಲ.

ನಾವು ಹೀಗೆ ಎದ್ದು ನಿಂತವರು. ಈ ಪತ್ರಿಕೆಯ ಸುತ್ತ ಸೇರುವ ಏಳು ಜನರಲ್ಲಿ ಇಬ್ಬರು ಹೈಸ್ಕೂಲ್ ಮೇಷ್ಟ್ರು, ಒಬ್ಬ ಪಿಯು ಕಾಲೇಜಿನ ಅತಿಥಿ ಉಪನ್ಯಾಸಕ, ಒಬ್ಬಾಕೆ ನರ್ಸು, ಒಬ್ಬ ಬಸ್ ಕಂಡಕ್ಟರು, ಇಬ್ಬರು ಇನ್ನೂ ಓದುತ್ತಿರುವವರು. ನಮ್ಮಲ್ಲಿ ಹಿರಿಯನಿಗೂ ಕಿರಿಯಳಿಗೂ ಮೂವತ್ತು ವರ್ಷದ ಅಂತರ. ಕಾಲೇಜು ಬೇರೆ, ಜಿಲ್ಲೆ ಬೇರೆ. ಬಾಗಿಲಲ್ಲಿ ನಿಂತು ಹೇಳಿದ ಮಾತು ಮಾತ್ರ ಒಂದೇ. ನಮ್ಮ ಕಂಡಕ್ಟರ್ ಗೆಳೆಯ ಅವತ್ತು ಏಳಲೇ ಇಲ್ಲ. ಪಕ್ಕದಲ್ಲಿ ಕೂತಿದ್ದವನು ಅವನ ಹೊಸ ಗೆಳೆಯ, ಊರ ಗೌಡರ ಮನೆ ಹುಡುಗ. ಅವನ ಎದುರು ಏಳೋಕೆ ಕಾಲು ಬರಲಿಲ್ಲ ಅನ್ನುತ್ತಾನೆ. ಅರ್ಜಿ ಹೋಗಲಿಲ್ಲ, ಆ ವರ್ಷದ ದುಡ್ಡು ಬರಲಿಲ್ಲ, ಅವರಪ್ಪ ಎರಡು ಕುರಿ ಮಾರಿ ಫೀಸು ಕಟ್ಟಿದರು. "ಯಾಕ್ಲಾ ಈ ಸಲ ಬರ್ಲಿಲ್ಲ ದುಡ್ಡು?" ಅಂತ ಅಪ್ಪ ಕೇಳಿದ್ದಕ್ಕೆ ಇವನು ಸರ್ಕಾರವನ್ನು ಬೈದನಂತೆ.

ಈ ಸ್ಕಾಲರ್‌ಷಿಪ್ಪು ಯಾರಪ್ಪನ ಮನೆ ಭಿಕ್ಷೆಯೂ ಅಲ್ಲ. ಪರಿಶಿಷ್ಟ ಜಾತಿಯ ಮಕ್ಕಳು ಮೆಟ್ರಿಕ್ ದಾಟಿ ಓದಲಿ ಎಂದು ಈ ನೆರವು ಶುರುವಾದದ್ದು 1944ರಲ್ಲಿ, ಸ್ವಾತಂತ್ರ್ಯಕ್ಕೂ ಮೊದಲು. ಆಗ ವೈಸರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಸದಸ್ಯರಾಗಿದ್ದ ಅಂಬೇಡ್ಕರ್ ಜಗಳ ಆಡಿ ಪಡೆದ ಹಣ ಅದು. ಜಗಳ ಆಡಿ ಪಡೆದದ್ದನ್ನು ತಲೆ ಬಗ್ಗಿಸಿ ಇಸಿದುಕೊಳ್ಳುವ ಹಾಗೆ ಮಾಡಿದ್ದು ಈ ವ್ಯವಸ್ಥೆಯ ಜಾಣತನ.

ಪ್ರಿನ್ಸಿಪಾಲರನ್ನು ಕೇಳಿದರೆ ಅವರ ಬಳಿ ಒಂದು ಸಿದ್ಧ ಉತ್ತರ ಇದೆ. "ನಮ್ ಕಾಲೇಜಲ್ಲಿ ಜಾತಿಗೀತಿ ಏನೂ ಇಲ್ಲ ಕಣ್ರಿ. ನಾವು ಎಲ್ರನ್ನೂ ಒಂದೇ ಥರ ನೋಡ್ತೀವಿ." ಈ ಮಾತು ಹೇಳುವವರು ಕೆಟ್ಟವರೇನಲ್ಲ. ಏಪ್ರಿಲ್ 14ಕ್ಕೆ ಫೋಟೋಕ್ಕೆ ಹಾರ ಹಾಕುವವರು, ಭಾಷಣ ಸ್ಪರ್ಧೆಗೆ ಬಹುಮಾನ ಕೊಡುವವರೇ. ಆದರೆ ಒಂದೇ ಥರ ನೋಡೋದು ಅಂದರೆ ಏನು? ಒಬ್ಬ ಹುಡುಗನ ಮನೆಯಲ್ಲಿ ತಾತ ಬಿ.ಎ., ಅಪ್ಪ ವಕೀಲ, ಮೇಜು ಕುರ್ಚಿ ಇದೆ, ಟ್ಯೂಷನ್ ಇದೆ. ಇನ್ನೊಬ್ಬಳು ಹಟ್ಟಿಯಿಂದ ನಾಲ್ಕು ಮೈಲಿ ನಡೆದು ಬಸ್ ಹಿಡಿಯುತ್ತಾಳೆ, ಮನೆತನದಲ್ಲೇ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವಳು. ಹತ್ತು ನಿಮಿಷ ತಡವಾಗಿ ಬಂದ ಇಬ್ಬರನ್ನೂ ಹೊರಗೆ ನಿಲ್ಲಿಸಿದರೆ ಅದು ಒಂದೇ ಥರ ನೋಡಿದ್ದು ಹೌದು. ಸಮಾನತೆ ಅಲ್ಲ. ಬಸ್ಸು ಬಂದದ್ದೇ ಒಂಬತ್ತೂ ಮುಕ್ಕಾಲಿಗೆ ಸ್ವಾಮಿ!

ಇದೇನೂ ಹೊಸ ಜಗಳ ಅಲ್ಲ. ನಮ್ಮ ನಾಡಿನಲ್ಲೇ, ಧಾರವಾಡದಲ್ಲಿ, 1856ರ ಜೂನ್ ತಿಂಗಳಲ್ಲಿ ಮಹಾರ್ ಜಾತಿಯ ಒಬ್ಬ ಹುಡುಗ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಕೇಳಿದ. ಸೇರಿಸಲಿಲ್ಲ. ಅವನು ಸುಮ್ಮನೆ ಕೂರದೆ ಮುಂಬಯಿ ಸರ್ಕಾರದ ತನಕ ಅರ್ಜಿ ಒಯ್ದ. ಕಂಪನಿ ಸರ್ಕಾರ ಕೊಟ್ಟ ಉತ್ತರದ ಸಾರ ಇಷ್ಟು: ನ್ಯಾಯ ಹುಡುಗನ ಕಡೆಗೇ ಇದೆ, ಆದರೆ ಅವನೊಬ್ಬನಿಗಾಗಿ ಬಾಗಿಲು ತೆಗೆದರೆ ಬೇರೆಯವರಿಗೆ ಆ ಶಾಲೆ ಉಪಯೋಗಕ್ಕೆ ಬಾರದೆ ಹೋಗುತ್ತದೆ. ಈ ಪ್ರಕರಣವನ್ನು ಬಾಬಾಸಾಹೇಬರು ತಮ್ಮ ಬರಹದಲ್ಲಿ ಎತ್ತಿ ತೋರಿಸಿದ್ದಾರೆ. ಮುಂದೆ ಮೇಲಿನವರೇ ಆಕ್ಷೇಪಿಸಿ, 1858ರಲ್ಲಿ ಸರ್ಕಾರಿ ಶಾಲೆ ಎಲ್ಲರದ್ದೂ ಅಂತ ಕಾಗದದ ಮೇಲೆ ಒಪ್ಪಿದರು. ನ್ಯಾಯ ನಿನ್ನದೇ, ಜಾಗ ಮಾತ್ರ ಇಲ್ಲ. ಇಂಥ ಸಭ್ಯವಾದ ಇಲ್ಲ ಅನ್ನುವುದನ್ನು ನಾವು ಇವತ್ತಿಗೂ ಕೇಳುತ್ತಿದ್ದೇವೆ.

ಎಲ್ಲಿ ಅಂತೀರಾ? ಪ್ರಥಮ ಪಿಯು ಮುಗಿದ ಮೇಲೆ, ರಜೆ ಶುರುವಾಗುವ ಹೊತ್ತಿಗೆ ಕೆಲವು ಖಾಸಗಿ ಕಾಲೇಜುಗಳ ಆಫೀಸಿನ ಮುಂದೆ ನಿಂತು ನೋಡಿ. ಪಾಸೇ ಆಗಿರುವ ಮಗುವಿನ ತಾಯಿಯನ್ನು ಕೂಲಿ ಬಿಡಿಸಿ ಕರೆಸಿರುತ್ತಾರೆ. "ನೋಡಮ್ಮ, ನಿಮ್ಮುಡುಗನ್ಗೆ ಸೈನ್ಸು ಹತ್ತಲ್ಲ. ಟಿಸಿ ತಗೊಂಡೋಗಿ ಬೇರೆ ಕಡೆ ಆರ್ಟ್ಸಿಗೆ ಸೇರ್ಸಿ, ಅವನಿಗೂ ಒಳ್ಳೇದು." ಆ ತಾಯಿ ಸೆರಗಿನ ಚುಂಗು ಬಾಯಿಗೆ ಇಟ್ಟುಕೊಂಡು ತಲೆ ಆಡಿಸುತ್ತಾಳೆ. ಮಾರನೇ ವರ್ಷ ಊರ ತುಂಬ ಫ್ಲೆಕ್ಸು: ನೂರಕ್ಕೆ ನೂರು ಫಲಿತಾಂಶ. ಯಾವ ನೂರು? ಕಷ್ಟದವರನ್ನೆಲ್ಲ ಜರಡಿಯಲ್ಲಿ ಜಾಲಿಸಿ ಆಚೆ ಚೆಲ್ಲಿ ಉಳಿಸಿಕೊಂಡ ನೂರು. ಹಾಗೆ ಆಚೆ ಬಿದ್ದವರು ಸರ್ಕಾರಿ ಕಾಲೇಜಿಗೆ ಬರುತ್ತಾರೆ. ಅಲ್ಲಿ ಗಣಿತಕ್ಕೆ ಮೇಷ್ಟ್ರಿರೋದಿಲ್ಲ. ಆ ಕಾಲೇಜಿನ ಫಲಿತಾಂಶ ಇಳಿಯುತ್ತದೆ. ಆಮೇಲೆ ಪೇಟೆಯ ಜನ ಅನ್ನುತ್ತಾರೆ, "ಸರ್ಕಾರಿ ಕಾಲೇಜು ಅಂದ್ರೆ ಅಷ್ಟೇ ಬಿಡಿ." ಶಾಲೆ ಬೇರೆಯವರ ಉಪಯೋಗಕ್ಕೆ ಬಾರದೆ ಕೆಡುತ್ತದೆ ಅಂತ ಒಬ್ಬ ಹುಡುಗನನ್ನು ಹೊರಗಿಟ್ಟದ್ದು 1856. ಫ್ಲೆಕ್ಸು ಕೆಡುತ್ತದೆ ಅಂತ ಹೊರಗಿಡುವುದು ಈಗಿನದು.

ಇನ್ನು ಕಾಲೇಜಿನ ಗೇಟಿನ ಮಾತು. ಇದನ್ನು ಹೇಳದೆ ಮುಂದೆ ಹೋದರೆ ನಾವು ಕಳ್ಳರು. 2022ರ ಜನವರಿಯಲ್ಲಿ ಉಡುಪಿಯ ಸರ್ಕಾರಿ ಪಿಯು ಕಾಲೇಜಿನ ಮುಸ್ಲಿಂ ಹೆಣ್ಣುಮಕ್ಕಳು ತಲೆಗೆ ಬಟ್ಟೆ ಹಾಕಿಕೊಂಡದ್ದಕ್ಕೆ ಕ್ಲಾಸಿನ ಹೊರಗೆ ಕೂತರು. ಫೆಬ್ರವರಿ 5ಕ್ಕೆ ಸರ್ಕಾರದ ಆದೇಶ ಬಂತು. ಸಮಾನತೆಗೆ ಭಂಗ ತರುವ ಉಡುಪು ಬೇಡ ಅನ್ನುವುದು ಅದರ ಒಕ್ಕಣೆಯಲ್ಲಿತ್ತು. ಗಮನಿಸಿ ಗೆಳೆಯರೇ, ಸಮಾನತೆಯ ಹೆಸರಿನಲ್ಲಿ! ನಮ್ಮ ಅಜ್ಜಂದಿರು ಕೆರೆ ನೀರಿಗೆ ಹೊಡೆದಾಡಿ ತಂದ ಪದವನ್ನೇ ಹದಿನೇಳರ ಹುಡುಗಿಯರಿಗೆ ಗೇಟು ಹಾಕಲು ಬಳಸಿದರು. ಮಾರ್ಚ್ 15ರಂದು ಹೈಕೋರ್ಟು ಆ ಆದೇಶವನ್ನು ಎತ್ತಿ ಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ತೀರ್ಪು ಕೊಟ್ಟರು. ಅಷ್ಟು ಹೊತ್ತಿಗೆ ಒಂದು ವಾರ್ಷಿಕ ಪರೀಕ್ಷೆ ಬಂದು ಹೋಗಿತ್ತು.

ನಮ್ಮಲ್ಲೂ ಕೆಲವರು ಆಗ ಗೊಣಗಿದರು. ಬುರ್ಖಾ ಹೆಣ್ಣಿಗೆ ಸಂಕೋಲೆ ಅಲ್ಲವಾ, ಅದನ್ನು ಯಾಕೆ ಬೆಂಬಲಿಸಬೇಕು ಅಂತ. ಧರ್ಮ ಯಾವುದೇ ಇರಲಿ, ಹೆಣ್ಣಿನ ಮೈಮೇಲೆ ಅದು ಬರೆಯುವ ಕಟ್ಟಳೆ ನಮಗೆ ಒಪ್ಪಿಗೆ ಇಲ್ಲ. ಆದರೆ ಸಂಕೋಲೆ ಬಿಚ್ಚುತ್ತೇನೆ ಅನ್ನುವವನು ಶಾಲೆಯ ಬಾಗಿಲು ಮುಚ್ಚುತ್ತಾನಾ? ಓದಿದ ಹುಡುಗಿ ತನ್ನ ಬಟ್ಟೆ ಇರಬೇಕೋ ಹೋಗಬೇಕೋ ತಾನೇ ತೀರ್ಮಾನ ಮಾಡುತ್ತಾಳೆ. ಕೇಸರಿ ಶಾಲು ಕಾಲೇಜಿಗೆ ಹಂಚಿಕೆಯಾಗುತ್ತಿದ್ದ ಆ ದಿನಗಳಲ್ಲಿ ಚಿಕ್ಕಮಗಳೂರಿನ ಕಾಲೇಜಿನಲ್ಲಿ ದಲಿತ ಹುಡುಗರು ನೀಲಿ ಶಾಲು ಹೊದ್ದು, ಜೈಭೀಮ್ ಕೂಗಿ, ಆ ಹೆಣ್ಣುಮಕ್ಕಳ ಕಡೆಗೆ ನಿಂತರು. ಅವರಿಗೆ ಯಾರೂ ಹೇಳಿಕೊಟ್ಟಿರಬೇಕಾಗಿಲ್ಲ. ಗೇಟಿನ ಹೊರಗೆ ನಿಲ್ಲೋದು ಅಂದರೆ ಏನು ಅಂತ ಮನೆಯಲ್ಲೇ ಕಲಿತಿರುತ್ತಾರೆ.

ಕಾನೂನು ಇಲ್ಲವಾ ಅಂತ ಮೇಷ್ಟ್ರುಗಳು ಕೇಳಬಹುದು. ಇದೆ, ಆದರೆ ಈ ವಯಸ್ಸಿನ ಮಕ್ಕಳ ನೆತ್ತಿ ಮೇಲೆ ಸೂರು ತೂತು. 2009ರ ಶಿಕ್ಷಣ ಹಕ್ಕು ಕಾಯಿದೆ ಆರರಿಂದ ಹದಿನಾಲ್ಕು ವರ್ಷದವರಿಗೆ. ಅದರಲ್ಲಿ ಮಗುವಿಗೆ ಹೊಡೆಯೋದಷ್ಟೇ ಅಲ್ಲ, ಮನಸ್ಸಿಗೆ ಹಿಂಸೆ ಕೊಡೋದೂ ನಿಷಿದ್ಧ. ಪದವಿ ಕಾಲೇಜು, ವಿಶ್ವವಿದ್ಯಾಲಯಗಳಿಗೆ ಯುಜಿಸಿ 2012ರಲ್ಲಿ ತಾರತಮ್ಯ ತಡೆಯುವ ನಿಯಮ ಮಾಡಿತು. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ 2016ರ ಜನವರಿ 17ರಂದು ರೋಹಿತ್ ವೇಮುಲ ಜೀವ ಕಳೆದುಕೊಂಡಾಗ ಆ ನಿಯಮ ಎಷ್ಟು ಕೆಲಸಕ್ಕೆ ಬಂತು ಅಂತ ಲೋಕ ನೋಡಿತು. ಅಂಥ ಹರುಕು ಕೊಡೆಯೂ ಪಿಯು ಮಕ್ಕಳಿಗೆ ಇಲ್ಲ. ಮಗು ಅನ್ನೋಕೆ ದೊಡ್ಡವರು, ಕಾಲೇಜಿನವರು ಅನ್ನೋಕೆ ಚಿಕ್ಕವರು. 1989ರ ದೌರ್ಜನ್ಯ ತಡೆ ಕಾಯಿದೆ ಎಲ್ಲರಿಗೂ ಇದೆ, ನಿಜ. ಆದರೆ ಲ್ಯಾಬಿನ ಇಂಟರ್ನಲ್ ಅಂಕ ಯಾರ ಕೈಯಲ್ಲಿದೆಯೋ ಅವರ ಮೇಲೆಯೇ ದೂರು ಕೊಡಲು ಹದಿನೇಳರ ಹುಡುಗಿ ಒಬ್ಬಳೇ ಠಾಣೆ ಮೆಟ್ಟಿಲು ಹತ್ತುತ್ತಾಳಾ? ಬೆಂಚಿನ ಮೇಲೆ ಬ್ಯಾಗು ಸರಿದದ್ದಕ್ಕೆ ಯಾವ ಸೆಕ್ಷನ್ನು ಹಾಕುತ್ತಾರೆ?

ನಮ್ಮ ಮನೆಯ ಹೊಲಸನ್ನೂ ಹೇಳಿಬಿಡಬೇಕು. ಹಾಸ್ಟೆಲ್ ನಮಗೆ ತಾಯಿ ಇದ್ದ ಹಾಗೆ. 1973ರ ನವೆಂಬರಿನಲ್ಲಿ ಬಸವಲಿಂಗಪ್ಪನವರು ಮೈಸೂರಿನಲ್ಲಿ ಆಡಿದ ಬೂಸಾ ಮಾತಿಗೆ ರಾಜ್ಯದ ತುಂಬ ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆ ಆದಾಗ, ಏಟು ತಿಂದವರು ಒಂದುಗೂಡಿದ್ದು ಇಂಥ ಹಾಸ್ಟೆಲ್ ಕೋಣೆಗಳಲ್ಲಿ. ದಲಿತ ಸಂಘರ್ಷ ಸಮಿತಿ ಹುಟ್ಟಿದ್ದು ಆ ಬೇಗೆಯಿಂದ. ಅಂಥ ಹಾಸ್ಟೆಲಿನಲ್ಲೇ ಇವತ್ತು ಎಡಗೈಯವರ ರೂಮು, ಬಲಗೈಯವರ ರೂಮು ಅಂತ ಗೆರೆ ಎಳೆದುಕೊಂಡಿದ್ದೇವೆ. ಅಲೆಮಾರಿ ಹುಡುಗನಿಗೆ ನಮ್ಮವರೇ ಅಡ್ಡಹೆಸರು ಇಡುತ್ತಾರೆ. ಹೆಣ್ಣುಮಕ್ಕಳ ಹಾಸ್ಟೆಲಿನ ಬಚ್ಚಲಿಗೆ ಚಿಲಕ ಇಲ್ಲ ಅಂತ ನಮ್ಮ ನರ್ಸ್ ಅಕ್ಕ ಸಭೆಯಲ್ಲಿ ಎತ್ತಿದಾಗ, "ಇದು ಸಣ್ಣ ಸಮಸ್ಯೆ, ಆಮೇಲೆ ಮಾತಾಡಾಣ" ಅಂದವರು ಬೇರೆ ಯಾರೂ ಅಲ್ಲ, ನಾವೇ. ಅಕ್ಕ ಎದ್ದು ಹೊರಟುಹೋದಳು. ಎರಡು ತಿಂಗಳು ಸಭೆಗೆ ಬರಲಿಲ್ಲ. ಅವಳು ಮಾಡಿದ್ದು ಸರಿ.

ಹಳ್ಳಿ ಮೇಷ್ಟ್ರುಗಳೇ, ನಿಮ್ಮ ಮೇಲೆ ನಮಗೆ ಸಿಟ್ಟೂ ಇದೆ, ಆಸೆಯೂ ಇದೆ. ಎದ್ದು ನಿಲ್ಲಿಸದೆ ಸ್ಕಾಲರ್‌ಷಿಪ್ಪಿನ ಕೆಲಸ ನಡೆಸೋದು ಕಷ್ಟ ಏನಲ್ಲ. ಅರ್ಜಿಯ ದಿನಾಂಕ, ಬೇಕಾದ ಕಾಗದಗಳ ಪಟ್ಟಿ ಎಲ್ಲ ಮಕ್ಕಳಿಗೂ ಕೊಡಿ. ಹಿಂದುಳಿದವರಿಗೆ, ಅಲ್ಪಸಂಖ್ಯಾತರಿಗೆ, ಬಡವರಿಗೆ ಇರುವ ನೆರವೂ ಅದೇ ಹಾಳೆಯಲ್ಲಿ ಇರಲಿ. ಬೇಕಾದವರು ಆಫೀಸಿಗೆ ಬರುತ್ತಾರೆ. ಕಾಗದ ಕಡಿಮೆ ಬಿದ್ದರೆ ಮಗುವನ್ನು ಒಬ್ಬಂಟಿಯಾಗಿ ಕರೆದು ಹೇಳಿ. ಇದಕ್ಕೆ ಸುತ್ತೋಲೆ ಬೇಕಾ? ಬಜೆಟ್ಟು ಬೇಕಾ?

ಕಳೆದ ವರ್ಷ ನಾವು ಏಳು ಜನವೂ ಒಂದು ಕಾಲೇಜಿಗೆ ಹೋಗಿ ಇಷ್ಟನ್ನೇ ಕೇಳಿದೆವು. ಪ್ರಿನ್ಸಿಪಾಲರು ಕನ್ನಡಕ ತೆಗೆದು ನಮ್ಮನ್ನು ಎಣಿಸಿದರು. "ಇಷ್ಟು ಸಣ್ಣ ವಿಷ್ಯಕ್ಕೆ ಏಳು ಜನ ಬಂದ್ರಾ?" ಅಂದರು. ಹೌದು ಸಾರ್ ಅಂದೆವು. ಕಂಡಕ್ಟರ್ ಗೆಳೆಯ ಆ ಎರಡು ಕುರಿಯ ಕಥೆ ಹೇಳಿದ. ಹಾಳೆ ಹಿಡಿದು ಬಾಗಿಲಲ್ಲಿ ನಿಲ್ಲುವ ಆಫೀಸಿನವರು ಅಲ್ಲೇ ಇದ್ದರು. ಅವರು ತಲೆ ಎತ್ತದೆ, "ನಾನೂ ಹಂಗೇ ನಿಂತಿದ್ದೋನೇ ಸಾರ್" ಅಂದರು. ಪ್ರಿನ್ಸಿಪಾಲರು ಆಮೇಲೆ ಮಾತಾಡಲಿಲ್ಲ. ಈ ವರ್ಷ ಅಲ್ಲಿ ಎಲ್ಲರಿಗೂ ಹಾಳೆ ಕೊಟ್ಟಿದ್ದಾರೆ.

ಬರುವ ಸೋಮವಾರ ಪಕ್ಕದ ಹೋಬಳಿಯ ಕಾಲೇಜಿಗೆ ಹೊರಟಿದ್ದೇವೆ. ಅಲ್ಲಿ ಟಿಸಿ ಕೊಟ್ಟು ಕಳಿಸಿದ ಆರು ಮಕ್ಕಳ ತಾಯಂದಿರೂ ಬರುತ್ತಾರೆ. ಬರುವವರು ಒಂಬತ್ತು ಗಂಟೆಗೆ ಬಸ್ ಸ್ಟ್ಯಾಂಡಿನ ಅರಳಿಮರದ ಹತ್ತಿರ ಇರಿ. ಬುತ್ತಿ ಕಟ್ಟಿಕೊಂಡು ಬನ್ನಿ, ಹೊತ್ತಾಗಬಹುದು.